ಬಡಿಸುವ ಕೈ ಏಕೆ ನಡುಗುತ್ತದೆ?

ತೀರ್ಥಹಳ್ಳಿ ಕಡೆಯ ಒಂದು ಮದುವೆ ಮನೆ ಎಂದುಕೊಳ್ಳಿ. ಪಂಕ್ತಿ ಕೂತಿದೆ. ಸಾರಿನ ಬಕೆಟ್ ಹಿಡಿದ ಹುಡುಗ ಕೈ ನಡುಗಬಾರದೆಂದು ಸೌಟನ್ನು ಬಿಗಿಯಾಗಿ ಹಿಡಿಯುತ್ತಾನೆ. ಬಿಗಿ ಮಾಡಿದಷ್ಟೂ ಸ್ನಾಯು ಸೆಟೆದು ನಡುಕ ಜಾಸ್ತಿಯಾಗುತ್ತದೆ. ಚೆಲ್ಲೀತೆಂದು ಅರ್ಧ ಸೌಟು ಮಾತ್ರ ತುಂಬುತ್ತಾನೆ, ತಲೆ ಎತ್ತುವುದಿಲ್ಲ. ಎರಡನೇ ಪಂಕ್ತಿಯ ಹೊತ್ತಿಗೆ ಬಕೆಟ್ ಬೇರೆಯವರ ಕೈಗಿತ್ತು ಹಿತ್ತಿಲು ಸೇರುತ್ತಾನೆ. ‘ಎಲ್ಲರೂ ನೋಡಿಬಿಟ್ಟರು’ ಎಂದು ರಾತ್ರಿಯೆಲ್ಲ ಕೊರಗು. ‘ಅವನಿಗೆ ಸಂಕೋಚ ಜಾಸ್ತಿ’ ಎಂದು ಮನೆಯವರು ಸುಮ್ಮನಾಗುತ್ತಾರೆ.

ಸಂಕೋಚ ಕಾಯಿಲೆಯಲ್ಲ. ಸಂಕೋಚದವರು ಸ್ವಲ್ಪ ಹೊತ್ತು ಕಳೆದರೆ ಹಗುರಾಗುತ್ತಾರೆ. ನಾಲ್ಕು ಜನರ ಕಣ್ಣಿಗೆ ಬೀಳುವ ಭಯ ಆರು ತಿಂಗಳು ದಾಟಿ ಓದು, ಕೆಲಸ, ಸಂಬಂಧಗಳಿಗೆ ಅಡ್ಡ ಬಂದರೆ ಅದು ಸಾಮಾಜಿಕ ಆತಂಕದ ಕಾಯಿಲೆ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಅದು ‘ಸೋಷಿಯಲ್ ಫೋಬಿಯಾ’ ಎಂಬ ಹೆಸರಲ್ಲಿ ಸೇರಿದ್ದು 1980ರಲ್ಲಿ. ಸಾಮಾನ್ಯವಾಗಿ 13ರ ಆಸುಪಾಸಿನಲ್ಲಿ ಶುರುವಾಗುತ್ತದೆ. ತೋಟದ ನಡುವಿನ ಒಂಟಿ ಮನೆ, ಮನೆಯಲ್ಲೇ ಕೈತುಂಬ ಕೆಲಸ ಇರುವ ಮಲೆನಾಡಿನಲ್ಲಿ ಜನರಿಂದ ತಪ್ಪಿಸಿಕೊಂಡೇ ಬದುಕುವುದು ಸುಲಭ. ಹಾಗಾಗಿ ಕಾಯಿಲೆ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾರಣ ಒಂದೇ ಅಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ನಾಲ್ಕು ತಿಂಗಳ ಶಿಶುಗಳಿಗೆ ಹೊಸ ಆಟಿಕೆ, ದನಿ, ವಾಸನೆಗಳನ್ನು ಒಡ್ಡಿದಾಗ ಸುಮಾರು 20 ಶೇಕಡಾ ಕೂಸುಗಳು ಕೈಕಾಲು ಬಡಿದು ಅತ್ತವು. ಮುಂದೆ ಅಳುಕಿನ ಸ್ವಭಾವ ಇಂಥವರಲ್ಲೇ ಹೆಚ್ಚು ಕಂಡಿತು. ಹಾಗೆಂದು ಅವರಿಗೆಲ್ಲ ಕಾಯಿಲೆ ಬರಲಿಲ್ಲ. ಹುಟ್ಟುಗುಣದ ಮೇಲೆ ತರಗತಿಯಲ್ಲಿ ಆದ ಅವಮಾನವೋ, ಮಗುವನ್ನು ಅತಿಯಾಗಿ ಕಾಯುವ ಮನೆಯೋ ಸೇರಿಕೊಳ್ಳಬಹುದು.

ಆದರೆ ದಿನವೂ ಜನರ ನಡುವೆ ಓಡಾಡಿದರೂ ಈ ಭಯ ಸವೆಯುವುದಿಲ್ಲ, ಏಕೆ? 1995ರಲ್ಲಿ ಬ್ರಿಟನ್ನಿನ ಮನಶ್ಶಾಸ್ತ್ರಜ್ಞರಾದ ಡೇವಿಡ್ ಕ್ಲಾರ್ಕ್ ಮತ್ತು ಏಡ್ರಿಯನ್ ವೆಲ್ಸ್ ಕೊಟ್ಟ ಉತ್ತರ ಸಾರಿನ ಹುಡುಗನಿಗೆ ಹಾಗೇ ಒಪ್ಪುತ್ತದೆ. ಅವನ ಗಮನವೆಲ್ಲ ತನ್ನ ಕೈಯ ಮೇಲಿದೆ. ಒಳಗಿನ ನಡುಕವನ್ನೇ ಹೊರಗಿನವರಿಗೂ ಕಾಣುವ ಚಿತ್ರವೆಂದು ನಂಬಿದ್ದಾನೆ. ಬಿಗಿ ಹಿಡಿತ, ಅರ್ಧ ಸೌಟು, ತಗ್ಗಿಸಿದ ತಲೆ, ಇವು ರಕ್ಷಣೆಯ ಉಪಾಯಗಳು. ಅನಾಹುತ ಆಗದಿದ್ದರೆ ‘ಉಪಾಯದಿಂದ ಬಚಾವಾದೆ’ ಎಂದುಕೊಳ್ಳುತ್ತಾನೆಯೇ ಹೊರತು ಅಪಾಯವೇ ಇರಲಿಲ್ಲ ಎಂಬುದು ತಿಳಿಯುವುದೇ ಇಲ್ಲ.

ಚಿಕಿತ್ಸೆ ಹಿಡಿಯುವುದು ಇದೇ ಎಳೆಯನ್ನು. ಯೋಚನೆ, ನಡವಳಿಕೆಗಳನ್ನು ತಿದ್ದುವ ಮಾತಿನ ಚಿಕಿತ್ಸೆಯಾದ ಕಾಗ್ನಿಟಿವ್ ಬಿಹೇವಿಯರ್ ಥೆರಪಿಯಲ್ಲಿ ಒಂದೇ ಕೆಲಸವನ್ನು ಎರಡು ಬಾರಿ ಮಾಡಿಸುತ್ತಾರೆ: ಮೊದಲು ಉಪಾಯಗಳ ಸಮೇತ, ಆಮೇಲೆ ಅವನ್ನು ಬಿಟ್ಟು, ಗಮನ ಎದುರಿನವರ ಮೇಲಿಟ್ಟು. ಎರಡು ಸಲವೂ ಭಯ ಎಷ್ಟಿತ್ತೆಂದು ಅಂಕ ಕೊಡಬೇಕು. ವಿಡಿಯೊ ಕೂಡ ಮಾಡುತ್ತಾರೆ. ನೋಡುವ ಮೊದಲೇ ಏನು ಕಾಣುತ್ತದೆಂದು ಹೇಳಬೇಕು. ‘ಕೈ ಗೇಣುದ್ದ ಅಲ್ಲಾಡುತ್ತದೆ’ ಎಂದವನು ಅಪರಿಚಿತನನ್ನು ನೋಡುವಂತೆ ತನ್ನನ್ನು ನೋಡಿಕೊಂಡಾಗ ಸಾಮಾನ್ಯವಾಗಿ ಬೆರಳಿನ ಸಣ್ಣ ಅದುರು ಮಾತ್ರ ಕಾಣುತ್ತದೆ.

ಮುಂದಿನದು ಹೊರಗೆ. ಶಿವಮೊಗ್ಗದ ಬಸ್ಸಿನಲ್ಲಿ ‘ಇಲ್ಲಿ ನಿಲ್ಸಿ’ ಎನ್ನಲಾಗದೆ ಮುಂದಿನ ಸ್ಟಾಪಿನಲ್ಲಿಳಿದು ಹಿಂದೆ ನಡೆದು ಬರುವ ಹುಡುಗಿ ಮೊದಲು ಬರೆಯಬೇಕು: ‘ಕಂಡಕ್ಟರ್ ಗದರುತ್ತಾರೆ, ಎಲ್ಲರೂ ತಿರುಗಿ ನೋಡುತ್ತಾರೆ.’ ಆಮೇಲೆ ಜೋರಾಗಿ ಕೂಗಿ, ಎಷ್ಟು ಮುಖ ತಿರುಗಿತೆಂದು ಎಣಿಸಬೇಕು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಸಾಲನ್ನು ಹತ್ತು ಸಲ ಬಾಯಿಪಾಠ ಮಾಡಿ ಹೋದರೆ ಪ್ರಯೋಗ ಕೆಟ್ಟಂತೆ. ಗೆದ್ದದ್ದು ಮತ್ತೆ ಉಪಾಯವೇ. ಎಷ್ಟೋ ಜನ ‘ಪ್ರಯತ್ನಪಟ್ಟೆ, ಆಗಲಿಲ್ಲ’ ಎನ್ನುವುದು ಇಲ್ಲೇ. ಮಗಳ ಬದಲು ತಾವೇ ಮಾತಾಡುವ ಅಪ್ಪ ಅಮ್ಮನೂ ಪ್ರೀತಿಯಿಂದಲೇ ಈ ತಪ್ಪು ಮಾಡುತ್ತಾರೆ. ಧೈರ್ಯಕ್ಕೆಂದು ಕುಡಿಯುವುದಂತೂ ಎಲ್ಲಕ್ಕಿಂತ ಕೆಟ್ಟ ಉಪಾಯ.

ಬ್ರಿಟನ್ನಿನ 2013ರ ಮಾರ್ಗಸೂಚಿಯಂತೆ ಕ್ಲಾರ್ಕ್ ಪದ್ಧತಿಯ ಈ ಥೆರಪಿಗೆ ಸುಮಾರು ನಾಲ್ಕು ತಿಂಗಳಲ್ಲಿ ತಲಾ 90 ನಿಮಿಷದ 14 ಭೇಟಿಗಳು ಬೇಕು. 101 ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2014ರ ವಿಶ್ಲೇಷಣೆಯಲ್ಲೂ ಒಬ್ಬೊಬ್ಬರಿಗೇ ಕೊಡುವ ಈ ಥೆರಪಿಯೇ ಮುಂದಿತ್ತು. ಅದು ಸಿಗದಿದ್ದರೆ, ಸಾಲದಿದ್ದರೆ ಸರ್ಟ್ರಾಲಿನ್, ಎಸಿಟಾಲೊಪ್ರಾಮ್ ಮಾತ್ರೆಗಳಿವೆ. ಮೊದಲ ಒಂದೆರಡು ವಾರ ಚಡಪಡಿಕೆ ಹೆಚ್ಚಬಹುದು. ಗುಣ ಕಾಣಲು ನಾಲ್ಕಾರು ವಾರ ಬೇಕು, ಪೂರ್ತಿ ತೀರ್ಮಾನಕ್ಕೆ 12 ವಾರ. ಆ ಚಡಪಡಿಕೆಗೆ ಹೆದರಿ ಬಿಟ್ಟವರು ‘ಮಾತ್ರೆ ಆಗಿಬರಲಿಲ್ಲ’ ಎನ್ನುತ್ತಾರೆ. ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಭಾಷಣಕ್ಕೆ ಮುಂಚೆ ಕೆಲವರು ನುಂಗುವ ಪ್ರೊಪ್ರನೊಲಾಲ್ ಎದೆಬಡಿತ, ನಡುಕವನ್ನಷ್ಟೇ ತಗ್ಗಿಸುತ್ತದೆ. ಅಸ್ತಮಾ ಇದ್ದವರು ಅದನ್ನು ಮುಟ್ಟಲೇಬಾರದು.

ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಫೋನ್ ಮಾಡುವುದೇ ಭಯ ಎನ್ನುವವರ ಪರವಾಗಿ ಮೊದಲ ಕರೆಯನ್ನು ಮನೆಯವರು ಮಾಡಲಿ. ಎರಡನೆಯದನ್ನು, ತೊದಲಿದರೂ ಸರಿ, ಅವರೇ ಮಾಡಲಿ.