ಎಲೆ ಆರಿಸಿದ್ದು ನೀವೇನಾ?

ಇಸ್ಪೀಟ್ ಜಾದೂ ಮಾಡುವವನ ಕೈ ನೋಡುವವರ ಕಣ್ಣಿಗಿಂತ ವೇಗ ಅಂತ ಎಲ್ಲರೂ ಹೇಳುತ್ತಾರೆ. ಅದು ಸುಳ್ಳು. ಕೈ ಜೋರಾಗಿ ಆಡಿದರೆ ಕಣ್ಣು ಮೊದಲು ಅಲ್ಲಿಗೇ ಓಡುತ್ತದೆ. ಕಣ್ಣಂಚಿಗೆ ಅಕ್ಷರ, ಚಿತ್ರ ಸರಿಯಾಗಿ ತಿಳಿಯದಿದ್ದರೂ ಅಲ್ಲಾಡುವುದು ಮಾತ್ರ ಚೆನ್ನಾಗಿ ತಿಳಿಯುತ್ತದೆ. ಅದಕ್ಕೇ ಪಳಗಿದವರು ನಿಧಾನವಾಗಿ, ಸೋಮಾರಿಗಳ ಹಾಗೆ ಎಲೆ ಆಡಿಸುತ್ತಾರೆ. ಅವರ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಮಾಡಿಕೊಡುವುದು ನೋಡುವವರೇ. "ಬನ್ನಿ ಅಣ್ಣ, ಒಂದು ಎಲೆ ತೆಗೀರಿ" ಅಂತ ಕರೆಯುವುದು ಬರೀ ಮರ್ಯಾದೆಗಲ್ಲ, ಚಳಕ ಇರುವುದೇ ಅಲ್ಲಿ.

ನಮ್ಮ ಚಿಕ್ಕಬಳ್ಳಾಪುರದ ಕಡೆ ಗಣೇಶನ ಹಬ್ಬದಲ್ಲೋ, ಮದುವೆಯ ಹಿಂದಿನ ರಾತ್ರಿ ಛತ್ರದಲ್ಲೋ ನಾಲ್ಕು ಜನರ ಮಧ್ಯೆ ಎಲೆ ಹಿಡಿದು ಕೂತರೆ ಇದು ಗೊತ್ತಾಗುತ್ತದೆ. ಶಿಡ್ಲಘಟ್ಟದ ಗೂಡು ಮಾರುಕಟ್ಟೆಗೆ ಹೋಗುವ ರೀಲರ್‌ಗಳು, ಅಂದರೆ ಗೂಡಿನಿಂದ ನೂಲು ತೆಗೆಯುವವರು, ಒಂದು ಹಿಡಿ ರೇಷ್ಮೆಗೂಡು ತೆಗೆದು ನೋಡಿಯೇ ಮಾಲು ಹೇಗಿದೆ ಅಂತ ಅಂದಾಜು ಮಾಡುವ ಜನ. ಅಂಥ ಕಣ್ಣಿನವರೂ ಇಲ್ಲಿ ಮೋಸ ಹೋಗುತ್ತಾರೆ. ಯಾಕೆಂದರೆ ತಪ್ಪುವುದು ಕಣ್ಣಲ್ಲ, ಗಮನ.

2005ರಲ್ಲಿ ಗುಸ್ತಾವ್ ಕುನ್ ಮತ್ತು ಬೆಂಜಮಿನ್ ಟ್ಯಾಟ್ಲರ್ ಇದನ್ನು ಅಳೆದು ನೋಡಿದರು. ಕುನ್ ಮನಶ್ಶಾಸ್ತ್ರಜ್ಞರಷ್ಟೇ ಅಲ್ಲ, ಜಾದೂಗಾರರೂ ಹೌದು. ಅವರು ಮೇಜಿನ ಮುಂದೆ ಕೂತು ಸಿಗರೇಟನ್ನು ಮಾಯ ಮಾಡುತ್ತಿದ್ದರು. ಮಾಯ ಅಂದರೆ ಏನಿಲ್ಲ, ಎದುರಿಗಿದ್ದವರ ಕಣ್ಣ ಮುಂದೆಯೇ ಅದನ್ನು ತಮ್ಮ ತೊಡೆ ಮೇಲೆ ಬೀಳಿಸಿಕೊಳ್ಳುವುದು. ಮೊದಲ ಸಲ ಬಹಳ ಜನಕ್ಕೆ ಅದು ಕಾಣಲೇ ಇಲ್ಲ. ಅವರ ಕಣ್ಣು ಎತ್ತ ತಿರುಗಿತ್ತು ಅಂತ ಯಂತ್ರ ಹಾಕಿ ನೋಡಿದರೆ, ಕಂಡವರೂ ಕಾಣದವರೂ ನೋಡುತ್ತಿದ್ದ ಜಾಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ! ಕಣ್ಣು ಒಂದು ಕಡೆ, ಮನಸ್ಸು ಇನ್ನೊಂದು ಕಡೆ ಅಂತ ಮನೆಯಲ್ಲಿ ಬೈಸಿಕೊಳ್ಳುತ್ತೀವಲ್ಲ, ಅದನ್ನೇ ಅಳೆದಿದ್ದು ಅವರು.

ಮನಸ್ಸನ್ನು ಬೇರೆ ಕಡೆ ಕಳಿಸುವುದಕ್ಕೆ ಪ್ರಶ್ನೆಗಿಂತ ಒಳ್ಳೆ ಸಾಧನ ಇಲ್ಲ. ಎಲೆ ಹಿಡಿದವರನ್ನು "ನಿಮ್ಮದು ಯಾವೂರು?" ಅಂತ ಕೇಳಿ ನೋಡಿ. ತಲೆ ಎತ್ತಿ ನಿಮ್ಮ ಮುಖ ನೋಡಿಯೇ ಉತ್ತರ ಹೇಳುತ್ತಾರೆ. ನಮ್ಮ ಕಡೆಯಂತೂ ಅವರು ಬಾಗೇಪಲ್ಲಿ ಅಂದರೆ ಸಾಕು, ಪಕ್ಕದವರು "ಓ, ಬಾಗೇಪಲ್ಲಿನಾ, ಅಲ್ಲಿ ಯಾರ ಮನೆ?" ಅಂತ ಶುರು ಮಾಡಿ, ಕನ್ನಡದಿಂದ ತೆಲುಗಿಗೆ ಹೊರಳಿ, ನೆಂಟಸ್ತಿಕೆ ಹುಡುಕುವ ಹೊತ್ತಿಗೆ ನಿಮ್ಮ ಕೈ ಎರಡು ಕೆಲಸ ಮುಗಿಸಿರುತ್ತದೆ. ನಗು ಬಂದಾಗಲೂ ಅಷ್ಟೇ. ಜನ ನಗುವಾಗ ಕಾವಲು ಇಳಿಸುತ್ತಾರೆ.

ಇನ್ನು ಎಲೆ ಆರಿಸುವ ವಿಷಯ. ಕೆನಡಾದ ಜೇ ಓಲ್ಸನ್ ಮತ್ತು ಜೊತೆಗಾರರು 2015ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಎಲೆಗಳನ್ನು ಬೆರಳಂಚಿನಿಂದ ಸರ್ರನೆ ಬಿಡುತ್ತಾ, ಒಂದು ಎಲೆ ಮಾತ್ರ ಚೂರು ಜಾಸ್ತಿ ಹೊತ್ತು ಕಾಣುವ ಹಾಗೆ ಮಾಡಿ, ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ ಅಂದರು. 100ಕ್ಕೆ 98 ಜನ ಅದೇ ಎಲೆ ಹೇಳಿದರು. ಆದರೂ ಹೆಚ್ಚಿನವರು ತಾವೇ ಸ್ವಂತವಾಗಿ ಆರಿಸಿದೆವು ಅಂತಲೇ ನಂಬಿದ್ದರು. ಇದಕ್ಕಿಂತ ಮಜಾ ಸ್ವೀಡನ್‌ನ ಪೀಟರ್ ಯೋಹಾನ್ಸನ್, ಲಾರ್ಸ್ ಹಾಲ್ ತಂಡದ 2005ರ ಕೆಲಸ. ಎರಡು ಫೋಟೋ ತೋರಿಸಿ, ಯಾರು ಚೆನ್ನಾಗಿದ್ದಾರೆ ಅಂತ ಕೇಳಿ, ಇಸ್ಪೀಟ್ ಕೈಚಳಕದಿಂದಲೇ ಫೋಟೋ ಬದಲಿಸಿ, ಬೇಡ ಅಂದಿದ್ದನ್ನೇ ಕೈಗೆ ಕೊಟ್ಟರು. ಬಹುತೇಕ ಸಲ ಯಾರೂ ಗಮನಿಸಲಿಲ್ಲ. ಯಾಕೆ ಇಷ್ಟ ಆಯಿತು ಅಂತ ಕೇಳಿದರೆ, ಆರಿಸಿದ ಫೋಟೋದಲ್ಲಿ ಇಲ್ಲದೇ ಇದ್ದ ಓಲೆಯನ್ನೇ ಕಾರಣ ಮಾಡಿಕೊಂಡವರೂ ಇದ್ದರು. ನನಗೆ ಕೈಚಳಕಕ್ಕಿಂತ ದೊಡ್ಡ ಜಾದೂ ಇದೇ ಅನ್ನಿಸುತ್ತದೆ.

ಇದೇ ವಿದ್ಯೆಯನ್ನು ಪವಾಡ ಅಂತ ಮಾರಿದರೆ ಕಥೆ ಬೇರೆ. ನಮ್ಮ ಗೌರಿಬಿದನೂರು ಕಡೆಯ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆಗಿದ್ದಾಗ 1976ರಲ್ಲಿ ಪವಾಡ ಪರೀಕ್ಷೆಗೆ ಅಂತಲೇ ಸಮಿತಿ ಮಾಡಿದ್ದರು. ಭೌತಶಾಸ್ತ್ರದ ಮೇಷ್ಟರಿಗೆ ಯಾಕಪ್ಪಾ ಈ ಕೆಲಸ ಅಂದವರೂ ಇದ್ದಿರಬೇಕು. ಜಾದೂಗಾರ ಮೋಸ ಮಾಡುತ್ತೀನಿ ಅಂತ ಹೇಳಿಯೇ ಮಾಡುತ್ತಾನೆ, ಅಲ್ವಾ?

ಎಲೆ ಕಲಸಿದರೆ ಎಲ್ಲಾ ಅಳಿಸಿಹೋಯಿತು ಅನ್ನುವುದೂ ಒಂದು ನಂಬಿಕೆ. 52 ಎಲೆಗಳನ್ನು ಜೋಡಿಸುವ ದಾರಿಗಳು ಎಷ್ಟು ಗೊತ್ತಾ? 8 ಬರೆದು ಅದರ ಮುಂದೆ 67 ಸೊನ್ನೆ ಹಾಕಿದರೆ ಹತ್ತಿರ ಹತ್ತಿರ ಅಷ್ಟು. ಕಟ್ಟನ್ನು ಎರಡು ಭಾಗ ಮಾಡಿ ಅಂಚುಗಳನ್ನು ಒಂದರೊಳಗೊಂದು ಬೀಳಿಸುವ ರೀತಿಯಲ್ಲಿ ಕಲಸಿದರೂ, ಸರಿಯಾಗಿ ಬೆರೆಯಲು ಸುಮಾರು 7 ಸಲ ಬೇಕು ಅಂತ 1992ರಲ್ಲಿ ಡೇವ್ ಬೇಯರ್ ಮತ್ತು ಪರ್ಸಿ ಡಯಾಕೊನಿಸ್ ತೋರಿಸಿದರು. ಈ ಡಯಾಕೊನಿಸ್ 14ನೇ ವಯಸ್ಸಿಗೆ ಮನೆ ಬಿಟ್ಟು ಜಾದೂಗಾರನ ಹಿಂದೆ ಹೋಗಿ, ಆಮೇಲೆ ಗಣಿತಕ್ಕೆ ಬಂದವರು. ನಾವು ರಮ್ಮಿಗೆ ಕೂತಾಗ ಕೈಯಲ್ಲೇ ಎಲೆ ಉದುರಿಸುತ್ತಾ ಕಲಸುವ ರೀತಿಗಂತೂ ಇನ್ನೂ ತುಂಬಾ ಜಾಸ್ತಿ ಸಲ ಬೇಕು. ಕಟ್ ಮಾಡಿಸುವುದು, ಅಂದರೆ ಕಟ್ಟಿನ ಮೇಲಿನ ಭಾಗ ಎತ್ತಿ ಅಡಿಗೆ ಇಡಿಸುವುದು, ಇನ್ನೂ ಸೊಗಸು. ಎಷ್ಟು ಸಲ ಕಟ್ ಮಾಡಿದರೂ ಎಲೆಗಳ ಸುತ್ತಿನ ಸರದಿ ಬದಲಾಗುವುದಿಲ್ಲ, ಶುರು ಆಗುವ ಜಾಗ ಅಷ್ಟೇ ಬದಲಾಗುತ್ತದೆ. ನೋಡುವವರು ಮಾತ್ರ ತಾವು ಎಲ್ಲಾ ಕೆಡಿಸಿದೆವು ಅಂತ ಖುಷಿಯಾಗಿರುತ್ತಾರೆ.

ಕೈಚಳಕ ಬರದವರಿಗೆ 21 ಎಲೆ ಆಟ ಇದೆ. ಒಂದು ಎಲೆ ನೆನಪಿಟ್ಟುಕೊಳ್ಳಲು ಹೇಳಿ. ಒಂದೊಂದೇ ಎಲೆಯನ್ನು ಸರದಿಯಲ್ಲಿ ಹಾಕುತ್ತಾ 7ರ 3 ಸಾಲು ಮಾಡಿ. ಅವರ ಎಲೆ ಇರುವ ಸಾಲು ಕೇಳಿ, ಅದನ್ನು ಮಧ್ಯೆ ಇಟ್ಟು ಎತ್ತಿಕೊಳ್ಳಿ. ಆಗ ಅದು 8ರಿಂದ 14ರೊಳಗೆ ಎಲ್ಲೋ ಇರುತ್ತದೆ. ಇನ್ನೊಂದು ಸಲ ಹಾಗೇ ಮಾಡಿದರೆ 10, 11 ಅಥವಾ 12. ಮೂರನೇ ಸಲಕ್ಕೆ ಸರಿಯಾಗಿ 11ನೆಯದು. ಲೆಕ್ಕ ತಪ್ಪುವುದೇ ಇಲ್ಲ, ಆದರೆ ಸುಮ್ನೆ ಮಾಡಿದರೆ ಬೋರು. ಮೂರನೇ ಸಲ ಸಾಲು ಕೇಳಿದ ಮೇಲೆ ಕಟ್ಟನ್ನು ಕೆಳಗಿಟ್ಟು ಅವರ ನಾಡಿ ಹಿಡಿಯಿರಿ, ಮನೆಯಲ್ಲಿ ಯಾರಿಗೆ ಹೆದರುತ್ತೀರಿ ಅಂತ ಕೇಳಿ, ನಕ್ಕು ಮುಗಿಸಲಿ, ಆಮೇಲೆ ಎಲೆ ತೆಗೆಯಿರಿ. ಮರುದಿನ ಅವರು ಸಾಲುಗಳನ್ನು ಮರೆತು ನಾಡಿಯ ಕಥೆಯನ್ನೇ ಹೇಳಿದರೆ ಆಶ್ಚರ್ಯ ಬೇಡ.

"ಇನ್ನೊಂದ್ಸಲ ಮಾಡಿ" ಅಂದರೆ ಮಾತ್ರ ಒಪ್ಪಬೇಡಿ. ಕುನ್ ಅದೇ ಜನರಿಗೆ ಸಿಗರೇಟಿನ ಜಾದೂವನ್ನು ಎರಡನೇ ಸಲ ತೋರಿಸಿದಾಗ ಬಹುತೇಕ ಎಲ್ಲರೂ ಹಿಡಿದುಬಿಟ್ಟರು.