ಖಡಕ್ ರೊಟ್ಟಿಯೂ ಗ್ರಾನೈಟ್ ಕಟ್ಟೆಯೂ

ಹೊಸ ಫ್ರಿಜ್ ಮನೆಗೆ ಬಂದ ಮೇಲೆ ಗೊತ್ತಾಯಿತು, ಅದಕ್ಕೆಂದು ಬಿಟ್ಟಿದ್ದ ಜಾಗ ಮುಕ್ಕಾಲು ಇಂಚು ಕಮ್ಮಿ ಅಂತ. ಅಡ್ಡ ಬಂದದ್ದು ಅಡುಗೆಮನೆಯ ಗ್ರಾನೈಟ್ ಕಟ್ಟೆ. ಇಳಕಲ್ಲಿನ ಕೆಂಪು ಕಲ್ಲು. ಕೆಳಗಿನ ಗೋಡೆಗಿಂತ ಒಂದು ಇಂಚು ಹೊರಗೆ ಚಾಚಿತ್ತು. ಆ ಒಂದು ಇಂಚು ಕೊಯ್ದರೆ ಮುಗೀತು, ಅಲ್ವಾ?

ತಮ್ಮ ಆಗಲೇ ಕಟರ್ ಹಿಡಿದು ನಿಂತಿದ್ದ. "ಅಣ್ಣಾ, ಹತ್ತ ನಿಮಿಷದ ಕೆಲಸ ಐತಿ. ಗೌಂಡಿಗೆ ಯಾಕ ರೊಕ್ಕ ಕೊಡ್ತಿ?" ಎದುರು ಮನೆಯ ಕಾಕಾ ಬೇರೆಯೇ ರಾಗ ತೆಗೆದರು. "ಕೂಡ್ಸಿದ ಕಲ್ಲ ಕೊಯ್ಯಬಾರದಪಾ. ಕಟ್ಟಿ ಸೀಳಿದ್ರ ಮನಿಗೆ ಛಲೋ ಅಲ್ಲ." ಅವರ ಭಯಕ್ಕೆ ಕಾರಣ ಇತ್ತು. ಎರಡು ವರ್ಷದ ಹಿಂದೆ ಗ್ಯಾಸ್ ಒಲೆ ಕೂರಿಸಲು ಅವರು ಕಟ್ಟೆಯಲ್ಲಿ ಚೌಕ ಕೊಯ್ಯಿಸಿದ್ದರು. ಕೆಲವೇ ತಿಂಗಳಲ್ಲಿ ಚೌಕದ ಮೂಲೆಯಿಂದ ಬಿರುಕು ಹೊರಟಿತು. ಶಾಂತಿ ಮಾಡಿಸಿದರು. ಬಿರುಕು ಮಾತ್ರ ಶಾಂತವಾಗದೆ ಅಂಚಿನ ತನಕ ಹೋಗಿ ನಿಂತಿತು.

ತಮ್ಮನ ಧೈರ್ಯ, ಕಾಕಾ ಅವರ ಭಯ, ಎರಡೂ ಹುಟ್ಟಿದ್ದು ಒಂದೇ ತಪ್ಪು ತಿಳಿವಳಿಕೆಯಿಂದ. ಗಟ್ಟಿ ಕಲ್ಲು ಅಂದರೆ ಸುಲಭಕ್ಕೆ ಒಡೆಯದ ಕಲ್ಲು ಅಂತ ಇಬ್ಬರೂ ನಂಬಿದ್ದರು. ಒಡೆಯೋದಿಲ್ಲ ಅಂತ ತಮ್ಮ ಕಟರ್ ಹಿಡಿದ, ಒಡೆದದ್ದಕ್ಕೆ ಕಾಕಾ ಅಪಶಕುನ ಅಂದುಕೊಂಡರು.

ಖಡಕ್ ರೊಟ್ಟಿ ನೋಡಿ. ಒಂದರ ಮೇಲೊಂದು ಇಪ್ಪತ್ತು ಪೇರಿಸಿಟ್ಟರೂ ಕೆಳಗಿನದು ಹಾಗೇ ಇರುತ್ತದೆ. ಅದನ್ನೇ ಎರಡು ಕೈಯಲ್ಲಿ ಹಿಡಿದು ಚೂರು ಬಗ್ಗಿಸಿ, ಲಟಕ್ ಅನ್ನುತ್ತದೆ. ಗ್ರಾನೈಟಿನದೂ ಅದೇ ಜಾತಿ. ಎಷ್ಟು ಒತ್ತಿದರೂ ತಡೆಯುತ್ತದೆ. ಎಳೆತ ತಡೆಯುವ ಶಕ್ತಿ ಮಾತ್ರ ಅದರ ಹತ್ತನೇ ಒಂದು ಪಾಲು, ಕೆಲವು ಸಲ ಇನ್ನೂ ಕಡಿಮೆ. ಬಗ್ಗಿಸಿದಾಗ ಒಂದು ಮೈ ಒತ್ತಿಕೊಳ್ಳುತ್ತದೆ, ಇನ್ನೊಂದು ಮೈ ಹಿಗ್ಗುತ್ತದೆ. ಬಿರುಕು ಹೊರಡುವುದು ಹಿಗ್ಗಿದ ಕಡೆಯಿಂದ.

ಬಿರುಕಿಗೂ ಒಂದು ಆರಂಭ ಬೇಕು. ಬಟ್ಟೆ ಅಂಗಡಿಯವರು ಅಂಚಿಗೆ ಕತ್ತರಿಯಿಂದ ಒಂದೇ ಒಂದು ಗೆರೆ ಕೊಟ್ಟು, ಉಳಿದದ್ದನ್ನು ಕೈಯಿಂದಲೇ ಪರ್ರನೆ ಹರಿಯುತ್ತಾರೆ. ಶಾಂಪೂ ಪ್ಯಾಕೆಟ್ಟಿನ ಅಂಚಿನ ಕಚ್ಚು ಸಿಗದಿದ್ದರೆ ನಾವು ಹಲ್ಲು ಹಾಕುತ್ತೇವೆ. ಎಳೆತವೆಲ್ಲ ಆ ಕಚ್ಚಿನ ತುದಿಗೇ ಬಂದು ಸೇರುತ್ತದೆ. 1913ರಲ್ಲಿ ಚಾರ್ಲ್ಸ್ ಇಂಗ್ಲಿಸ್ ಎಂಬ ಎಂಜಿನಿಯರ್ ಹಡಗು ಕಟ್ಟುವವರ ಸಭೆಯ ಮುಂದೆ ಇದರ ಲೆಕ್ಕವನ್ನೇ ಇಟ್ಟರು. ಎಳೆತದಲ್ಲಿರುವ ತಗಡಿಗೆ ದುಂಡನೆಯ ತೂತು ಇದ್ದರೆ, ತೂತಿನ ಅಂಚಿನಲ್ಲಿ ಎಳೆತ ಮೂರು ಪಟ್ಟು. ತೂತು ಎಳೆತಕ್ಕೆ ಅಡ್ಡಲಾಗಿ ಉದ್ದವಾಗಿ ಚೂಪಾದಷ್ಟೂ ಈ ಪಟ್ಟು ಏರುತ್ತಾ ಹೋಗುತ್ತದೆ. 1921ರಲ್ಲಿ ಗ್ರಿಫಿತ್ ಎಂಬ ಇನ್ನೊಬ್ಬ ಎಂಜಿನಿಯರ್ ಗಾಜಿನ ಮೇಲೆ ಪ್ರಯೋಗ ಮಾಡಿ, ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೇ ಅದನ್ನು ಮುರಿಯುತ್ತವೆ ಎಂದು ತೋರಿಸಿದರು. ಕಾಕಾ ಅವರ ಒಲೆಯ ಚೌಕಕ್ಕೆ ನಾಲ್ಕು ಚೂಪು ಮೂಲೆ ಇದ್ದವು. ಮೊದಲು ಮೂಲೆಗೊಂದು ದುಂಡನೆಯ ತೂತು ಕೊರೆದು, ಆಮೇಲೆ ತೂತಿನಿಂದ ತೂತಿಗೆ ಕೊಯ್ದಿದ್ದರೆ ಶಾಂತಿಯ ಖರ್ಚು ಉಳಿಯುತ್ತಿತ್ತು.

ಇದೇ ಬಿರುಕನ್ನು ಬೇಕಂತಲೇ ಬರಿಸಿ ಕೆಲಸ ತೆಗೆದವರೂ ಇದ್ದಾರೆ. ಹಂಪಿಯ ಬಂಡೆಗಳ ಮೇಲೆ ಹೊಲಿಗೆ ಹಾಕಿದ ಹಾಗೆ ಸಾಲಾಗಿ ಕೊರೆದ ಗುಳಿಗಳನ್ನು ನೀವು ನೋಡಿರಬಹುದು. ಅವುಗಳಿಗೆ ಬೆಣೆ ಬಡಿದರೆ ಬಂಡೆ ಆ ಸಾಲಿನಗುಂಟ ಸೀಳುತ್ತದೆ. ನಮ್ಮ ಗದಗಿನ ಪಕ್ಕದ ಲಕ್ಕುಂಡಿಯ ಕಥೆ ಬೇರೆ. ಕಾಶಿವಿಶ್ವೇಶ್ವರ ಗುಡಿಯ ಕಂಬ ತೋರಿಸಿ "ಆಗಿನವರಿಗೆ ಕಲ್ಲು ಕರಗಿಸೋ ವಿದ್ಯೆ ಗೊತ್ತಿತ್ತು" ಅನ್ನುವ ವಿಡಿಯೋಗಳನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಅದು ಗ್ರಾನೈಟೇ ಅಲ್ಲ, ಬಳಪದ ಕಲ್ಲಿನ ಬಳಗ. ಉಳಿಗೆ ಬಗ್ಗುವಷ್ಟು ಮೆತ್ತಗಿನದು. ಹನ್ನೊಂದನೇ ಶತಮಾನದ ಕುಶಲಕರ್ಮಿಗಳು ಸರಿಯಾದ ಕಲ್ಲು ಆರಿಸಿ, ಕಂಬಗಳನ್ನು ತಿರುಗಿಸಿ ಕಡೆದರು. ಕರಗಿಸಿದರು ಅಂದರೆ ಅವರ ಕೈಚಳಕಕ್ಕೇ ಅವಮಾನ.

ಇರಲಿ, ನಮ್ಮ ಕಟ್ಟೆಗೆ ಬರೋಣ. ಮಹಡಿಯ ಮೇಲೆ ಮೆಟ್ಟಿಲಿಗೆ ಹಾಕಿ ಉಳಿದಿದ್ದ ಅದೇ ಕಲ್ಲಿನ ತುಂಡಿತ್ತು. ಮೊದಲು ಅದರ ಮೇಲೆ ನೋಡೋಣ ಅಂದೆ. ತಮ್ಮ ಶುರು ಮಾಡಿದ. ಮೂರು ಇಂಚು ಚೆನ್ನಾಗಿ ಹೋಯಿತು. ಆಮೇಲೆ ಬರೀ ಕಿರುಚಾಟ, ಕಿಡಿ. ಅವನು ಇನ್ನೂ ಜಾಸ್ತಿ ಒತ್ತಿದ. ಕೊನೆಯ ಅರ್ಧ ಇಂಚು ಉಳಿದಾಗ ಜೋತುಬಿದ್ದ ಪಟ್ಟಿ ತನ್ನ ಭಾರಕ್ಕೆ ತಾನೇ ಮುರಿಯಿತು. ಮುರಿಯುವಾಗ ಹೆಬ್ಬೆರಳ ಉಗುರಿನಷ್ಟು ಚಕ್ಕೆಯನ್ನೂ ಕಿತ್ತುಕೊಂಡು ಹೋಯಿತು. ಸಂಜೆ ಗೌಂಡಿಗೆ ಫೋನ್ ಮಾಡಿದೆ.

ಗೌಂಡಿ ಬಂದು ತಮ್ಮನ ಬ್ಲೇಡ್ ಮೇಲೆ ಬೆರಳಾಡಿಸಿ ನಕ್ಕ. "ಮೊಂಡ ಆಗೇತ್ರಿ ಸರ." ಅಂಗಳದ ಇಟ್ಟಿಗೆ ತಂದು ಅದರಲ್ಲಿ ಎರಡು ಸಲ ಕೊಯ್ದ. ಆಮೇಲೆ ಅದೇ ಬ್ಲೇಡ್ ಗ್ರಾನೈಟಿಗೆ ಹಿಡಿದರೆ ಸಲೀಸಾಗಿ ಇಳಿಯಿತು. ಮೆತ್ತಗಿನ ಇಟ್ಟಿಗೆಯಿಂದ ವಜ್ರದ ಬ್ಲೇಡ್ ಚೂಪಾಗೋದಾ? ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ. ನನಗಂತೂ ಹಬ್ಬ.

ಈ ಬ್ಲೇಡ್ ಚಾಕುವಿನ ಹಾಗೆ ಕೊಯ್ಯುವುದಿಲ್ಲ, ಅರೆಯುತ್ತದೆ. ಅದರ ಅಂಚು ಶೇಂಗಾ ಚಿಕ್ಕಿ ಇದ್ದ ಹಾಗೆ. ಬೆಲ್ಲದ ಜಾಗದಲ್ಲಿ ಲೋಹ, ಶೇಂಗಾದ ಜಾಗದಲ್ಲಿ ವಜ್ರದ ಹರಳು. 1812ರಲ್ಲಿ ಫ್ರೆಡ್ರಿಕ್ ಮೋಸ್ ಎಂಬ ಖನಿಜ ತಜ್ಞರು ರಚಿಸಿದ ಗಡಸುತನದ ಪಟ್ಟಿಯಲ್ಲಿ ವಜ್ರಕ್ಕೆ 10, ಗ್ರಾನೈಟಿನಲ್ಲಿರುವ ಬೆಣಚುಕಲ್ಲಿಗೆ 7. ಗೆಲ್ಲುವುದು ವಜ್ರವೇ, ಆದರೆ ಅದೂ ಸವೆಯುತ್ತದೆ. ಚಿಕ್ಕಿ ಚೀಪುತ್ತಾ ಹೋದರೆ ಬೆಲ್ಲ ಕರಗಿ ಒಳಗಿನ ಶೇಂಗಾ ತಲೆ ಎತ್ತುತ್ತದಲ್ಲ, ಹಾಗೆ ಲೋಹ ಸವೆದರೆ ಮಾತ್ರ ಹೊಸ ಹರಳು ಹೊರಗೆ ಬರುತ್ತದೆ. ಗಡಸು ಗ್ರಾನೈಟು ಹರಳಿನ ಮೂತಿ ತಿಕ್ಕಿ ನುಣ್ಣಗೆ ಮಾಡುತ್ತದೆ, ಲೋಹವನ್ನು ಅಷ್ಟಾಗಿ ತಿನ್ನುವುದಿಲ್ಲ. ಇಟ್ಟಿಗೆಯ ಮರಳು ಮರಳಾದ ಪುಡಿ ಲೋಹವನ್ನು ಕೆರೆಯುತ್ತದೆ. ಸವೆದ ಬೀಸುಕಲ್ಲಿನ ಮೈಯನ್ನು ಉಳಿಯಿಂದ ಮತ್ತೆ ಒರಟು ಮಾಡಿಸುತ್ತಿದ್ದರಲ್ಲ, ಹೆಚ್ಚುಕಮ್ಮಿ ಅದೇ ಕೆಲಸ. ಆದ್ದರಿಂದ ಬ್ಲೇಡ್ ನಿಂತರೆ ಒತ್ತಬೇಡಿ. ನಾಲ್ಕು ಇಂಚಿನ ಬ್ಲೇಡ್ ನಿಮಿಷಕ್ಕೆ 11,000 ಸುತ್ತು ತಿರುಗಿದರೆ ಅಂಚಿನ ವೇಗ ಗಂಟೆಗೆ 200 ಕಿ.ಮೀ. ದಾಟುತ್ತದೆ. ಆ ವೇಗದಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಆರೇ ನಿಮಿಷ, ಚಿಗರಿ ಬಸ್ಸಿಗೂ ಆಗದ ಮಾತು. ಅದು ಸಿಕ್ಕಿಕೊಂಡು ಹಿಂದಕ್ಕೆ ಒದ್ದರೆ ತಪ್ಪಿಸಿಕೊಳ್ಳಲು ಸಮಯ ಇರುವುದಿಲ್ಲ.

ಗೌಂಡಿ ಗೆರೆಗೆ ಟೇಪ್ ಅಂಟಿಸಿದ. ಚಾಚಿದ ಅಂಚಿನ ಕೆಳಗೆ ಕಟ್ಟಿಗೆಯ ಆಸರೆ ಕೊಟ್ಟ. ತಮ್ಮನ ತುಂಡು ಮುರಿದದ್ದೇ ಈ ಆಸರೆ ಇಲ್ಲದೆ. ಮೊದಲ ಸಲ ಎರಡು ಮಿಲಿಮೀಟರ್ ಆಳದ ಬರೀ ಗೀರು, ಆಮೇಲೆ ನಾಲ್ಕು ಸಲದಲ್ಲಿ ಪೂರ್ತಿ. ಸಿಂಕಿನ ಮುಂದಿನ ಎರಡೂವರೆ ಇಂಚಿನ ಪಟ್ಟಿ ಸಪೂರ, ಸುಲಭಕ್ಕೆ ಮುರಿದೀತು ಅಂತ ಅದನ್ನು ಮುಟ್ಟಲೂ ಇಲ್ಲ.

ಅವನ ಮೇಲೆ ನನ್ನ ತಕರಾರು ಒಂದೇ. ಒಣಗಲ್ಲು ಕೊಯ್ಯಲು ಹೊರಟಿದ್ದ, ಮೂಗಿಗೆ ಬರೀ ಟವೆಲ್. ಕೆಂಪು ಗ್ರಾನೈಟಿನಲ್ಲಿ ಬೆಣಚುಕಲ್ಲು ಹೆಚ್ಚುಕಮ್ಮಿ ಕಾಲು ಪಾಲು ಇರುತ್ತದೆ. ಅದರ ಅತಿ ಸಣ್ಣ ಧೂಳು ನಮ್ಮ ತಲೆಗೂದಲಿನ ಹತ್ತನೇ ಒಂದು ಪಾಲಿಗಿಂತ ಸಪೂರ. ಟವೆಲ್ಲಿನ ಎಳೆಗಳ ನಡುವೆ ಆರಾಮಾಗಿ ನುಸುಳಿ ಶ್ವಾಸಕೋಶದ ತಳ ಸೇರುತ್ತದೆ. ಅಲ್ಲಿ ಆಗುವ ಗಾಯದ ಕಲೆಗೆ ಸಿಲಿಕೋಸಿಸ್ ಅನ್ನುತ್ತಾರೆ, ಅದನ್ನು ಅಳಿಸುವ ಔಷಧ ಇಲ್ಲ. ಒಂದು ದಿನ ಕೊಯ್ಯುವ ನನಗಿಂತ ದಿನಾ ಕೊಯ್ಯುವ ಅವನಿಗೆ ಅಪಾಯ ಜಾಸ್ತಿ. ಎನ್-95 ಮಾಸ್ಕ್ ಕೊಟ್ಟೆ. ಶಾಕ್ ಹೊಡೆದರೆ ಟ್ರಿಪ್ ಆಗುವ ಸ್ವಿಚ್ಚಿನ ಲೈನಿಗೆ ಮಷಿನ್ ಹಾಕಿಸಿ, ತಮ್ಮನಿಗೆ ಬಾಟಲಿಯಿಂದ ಗೆರೆಯ ಮೇಲೆ ಸಣ್ಣಗೆ ನೀರು ಬಿಡಲು ಹೇಳಿದೆ. ಗೌಂಡಿ ಮಾಸ್ಕನ್ನು ಎಲೆ ಅಡಿಕೆಗಾಗಿ ಎರಡು ಸಲ ಗದ್ದಕ್ಕೆ ಇಳಿಸಿದ.

ಕೊಯ್ಯಲು ಹಿಡಿದದ್ದು ಇಪ್ಪತ್ತು ನಿಮಿಷ. ಪಾಲಿಶ್‌ಗೆ ಒಂದೂವರೆ ಗಂಟೆ! 50ನೇ ನಂಬರಿನ ಪ್ಯಾಡಿನಿಂದ 100, 200, 400 ಎನ್ನುತ್ತಾ 3000ದ ತನಕ. ಪ್ರತಿ ಪ್ಯಾಡ್ ಹಿಂದಿನದರ ಗೀರು ಅಳಿಸಿ ತನ್ನ ಸಣ್ಣ ಗೀರು ಬಿಡುತ್ತದೆ. ಗೀರು ಬೆಳಕನ್ನು ಚದುರಿಸಲಾರದಷ್ಟು ಸಣ್ಣದಾದಾಗ ಹೊಳಪು. ನಡುವೆ ಒಂದು ನಂಬರ್ ಹಾರಿಸಿದರೆ ಬೆಳಗಿನ ಓರೆ ಬಿಸಿಲಿನಲ್ಲಿ ಅದು ಕಾಣುತ್ತದೆ. ಬಿಡಿ ಕಲ್ಲಿನ ನೇರ ಅಂಚನ್ನು ನೀವೇ ಅಂಗಳದಲ್ಲಿ ಕೊಯ್ದುಕೊಳ್ಳಿ, ಬೇಡ ಅನ್ನುವುದಿಲ್ಲ. ಕೂಡಿಸಿದ ಕಟ್ಟೆಗೆ, ಅದರಲ್ಲೂ ಮೂಲೆ ಕೊಯ್ಯುವುದಿದ್ದರೆ, ನಾನು ಗೌಂಡಿಯನ್ನೇ ಕರೆಯುತ್ತೇನೆ.

ಫ್ರಿಜ್ ಈಗ ಒಳಗೆ ಕೂತಿದೆ, ಕಟ್ಟೆಗೂ ಅದಕ್ಕೂ ನಡುವೆ ಕಾಲು ಇಂಚು ಜಾಗ ಬಿಟ್ಟು. ಆ ಕಡೆ ಗೋಡೆ ಇರುವುದರಿಂದ ಬಾಗಿಲು ಪೂರ್ತಿ ತೆರೆಯುವುದಿಲ್ಲ. ತರಕಾರಿ ಟ್ರೇಯನ್ನು ಓರೆ ಮಾಡಿ ಎಳೆಯಬೇಕು. ಅಳತೆ ತೆಗೆದುಕೊಂಡದ್ದು ನಾನೇ.