ಪವರ್ ರಿಂಗ್ ಅಂದ್ರೆ ಏನು? ಅಮ್ಮನಿಗೆ ಹೇಳೋಕೆ ಹೋಗಿ ಸಿಕ್ಕಾಕೊಂಡಿದ್ದು

ಹೋದ ದಸರಾಲಿ ದೊಡ್ಡಕೆರೆ ಮೈದಾನದ ಎಕ್ಸಿಬಿಷನ್ನಲ್ಲಿ ನಮ್ಮಕ್ಕನ ಮಗ ಹಠ ಮಾಡಿ ಹಸಿರು ಕಲ್ಲಿನ ಪ್ಲಾಸ್ಟಿಕ್ ಉಂಗುರ ಒಂದು ಕೊಡಿಸ್ಕೊಂಡ. ಮನೇಲಿ ಅಮ್ಮ ನೋಡಿ, ಪಚ್ಚೆ ಕಲ್ಲು, ಬುಧನಿಗೆ ಒಳ್ಳೇದು ಬಿಡು ಅಂದ್ರು. ಇವ್ನು, ಅಯ್ಯೋ ಅಜ್ಜಿ ಇದು ಪವರ್ ರಿಂಗು, ಕಾಮಿಕ್ಸ್ ಹೀರೋ ಗ್ರೀನ್ ಲ್ಯಾಂಟರ್ನ್‌ದು ಅಂತ ಶುರು ಹಚ್ಕೊಂಡ. ಹಂಗಂದ್ರೆ ಏನೋ ಅಂತ ಅಮ್ಮ ನನ್ ಮುಖ ನೋಡಿದ್ರು, ನಾನು ಶಕ್ತಿ ಉಂಗುರ ಅಂದ್ಬಿಟ್ಟೆ. ಅಲ್ಲೇ ತಪ್ಪಾಗಿದ್ದು, ಯಾಕಂದ್ರೆ ಬೆಳಗ್ಗೆ ಟಿವೀಲಿ ಮಾರೋದೂ ಅದೇ ತಾನೆ!

ಜ್ಯೋತಿಷಿ ಕೊಡೋ ಉಂಗುರದಲ್ಲಿ ಕಲ್ಲೇ ಎಲ್ಲಾ ಮಾಡುತ್ತೆ, ನೀವು ಹಾಕ್ಕೊಂಡು ಮಲಗಿದ್ರೂ ಆಯ್ತು. ಇದು ಪೂರಾ ಉಲ್ಟಾ. ಹಾಕ್ಕೊಂಡವ್ರ ತಲೇಲಿ ಏನಿದ್ಯೋ ಅದನ್ನ ಹಸಿರು ಬೆಳಕಲ್ಲಿ ಗಟ್ಟಿ ವಸ್ತು ಮಾಡಿ ಮುಂದೆ ನಿಲ್ಸುತ್ತೆ, ಸುತ್ತಿಗೆ ಅಂದ್ಕೊಂಡ್ರೆ ಸುತ್ತಿಗೆ, ಸೇತುವೆ ಅಂದ್ಕೊಂಡ್ರೆ ಸೇತುವೆ. ಹಾರ್ಬೋದು, ಗಾಳಿ ಇಲ್ಲದ ಬಾಹ್ಯಾಕಾಶದಲ್ಲೂ ಬದುಕ್ಬೋದು, ಬೇರೆ ಲೋಕದವ್ರ ಮಾತೂ ಅರ್ಥ ಆಗುತ್ತೆ. ಆದ್ರೆ ಗಮನ ಜಾರ್ತು ಅಂದ್ರೆ ಸೇತುವೆ ಮಾಯ. ಇದು ಓಡೋದು ಇಂಗ್ಲಿಷಲ್ಲಿ ವಿಲ್ ಪವರ್ ಅಂತಾರಲ್ಲ ಅದ್ರ ಮೇಲೆ. ಕನ್ನಡದಲ್ಲಿ ಇಚ್ಛಾಶಕ್ತಿ ಅಂತ ಬರೀತಾರೆ, ನನಗದು ಒಗ್ಗಲ್ಲ, ಪೇಪರ್ನಲ್ಲಿ ಸರ್ಕಾರಕ್ಕೆ ರಾಜಕೀಯ ಇಚ್ಛಾಶಕ್ತಿ ಇಲ್ಲ ಅಂತ ಓದೀ ಓದೀ ಆ ಪದದ ಚಾರ್ಜೇ ಹೋಗ್ಬಿಟ್ಟಿದೆ. ನಮ್ ಮಂಡ್ಯ ಕಡೆ ಛಲ ಅಂತೀವಿ, ಅದು ಸರಿಯಾಗಿ ಕೂರುತ್ತೆ.

ಚಾರ್ಜ್ ಅಂದಿದ್ದಕ್ಕೆ ನೆನಪಾಯ್ತು, ಹಳೇ ಕಥೆಗಳಲ್ಲಿ ಈ ಉಂಗುರಕ್ಕೆ 24 ಗಂಟೆ ಅಷ್ಟೇ ಆಯಸ್ಸು. ಆಮೇಲೆ ಅದ್ರ ಜೊತೆಗಿರೋ ಹಸಿರು ಲಾಟೀನಿಗೆ ಹಿಡಿದು ಪ್ರತಿಜ್ಞೆ ಹೇಳಿ ಮತ್ತೆ ತುಂಬಿಸ್ಕೋಬೇಕು, ಸಂಧ್ಯಾವಂದನೆ ಇದ್ದಂಗೆ. ಲಾಟೀನೇ ಯಾಕೆ ಅಂದ್ರೆ ಮಾರ್ಟಿನ್ ನೋಡೆಲ್ ಅನ್ನೋ ಚಿತ್ರಕಾರ ನ್ಯೂಯಾರ್ಕ್‌ನ ಸಬ್‌ವೇಲಿ ರೈಲ್ವೆಯವನೊಬ್ಬ ಲಾಟೀನು ಆಡಿಸ್ತಾ ಇದ್ದದ್ದು ನೋಡಿ ಈ ಐಡಿಯಾ ತಗೊಂಡಿದ್ದು. 1940ರಲ್ಲಿ ಬಂದ ಆ ಮೊದಲ ಹೀರೋ ಅಲನ್ ಸ್ಕಾಟ್ ಒಬ್ಬ ಇಂಜಿನಿಯರ್, ರೈಲು ಹೋಗ್ತಿದ್ದ ಸೇತುವೆ ಸ್ಫೋಟ ಆದಾಗ ಲಾಟೀನಿಂದ ಬದುಕಿದವ್ನು. ಅವ್ನ ಉಂಗುರ ನಿಜಕ್ಕೂ ಮಂತ್ರದ್ದೇ, ಲೋಹಕ್ಕೆಲ್ಲಾ ಜಗ್ಗಲ್ಲ, ಆದ್ರೆ ಮರದ ದೊಣ್ಣೇಲಿ ಹೊಡೆದ್ರೆ ಮುಗೀತು.

1959ರಲ್ಲಿ ಹ್ಯಾಲ್ ಜೋರ್ಡನ್ ಅನ್ನೋ ಹೊಸ ಗ್ರೀನ್ ಲ್ಯಾಂಟರ್ನ್ ಬಂದಾಗ ಮಂತ್ರ ಹೋಗಿ ಅನ್ಯಗ್ರಹದ ಟೆಕ್ನಾಲಜಿ ಆಯ್ತು. ಓಆ ಅನ್ನೋ ಗ್ರಹದಲ್ಲಿ ಹಿರೀಕರು ಕೂತ್ಕೊಂಡು ಇಡೀ ಬ್ರಹ್ಮಾಂಡನ 3600 ಸೆಕ್ಟರ್ ಮಾಡಿ ಕಾವಲಿಗೆ ಉಂಗುರ ಹಂಚಿದ್ದಾರೆ, ನಮ್ ಭೂಮಿ ಸೆಕ್ಟರ್ 2814ರಲ್ಲಿ ಬರುತ್ತೆ. ಈ ಉಂಗುರಕ್ಕೆ ಮರದ ಭಯ ಇಲ್ಲ, ಹಳದಿ ಬಣ್ಣದ ಮೇಲೆ ಮಾತ್ರ ನಡೆಯಲ್ಲ.

ಇದನ್ನ ಹೇಳೋ ಹೊತ್ತಿಗೆ ಅಮ್ಮ ಗೊಂಬೆ ಕೂರಿಸ್ತಾ ಇದ್ರು. ಮುಂದೆ ಮರದ ಪಟ್ಟದ ಗೊಂಬೆ, ಪಕ್ಕದಲ್ಲಿ ಅರಿಶಿನದ ಬಟ್ಟಲು. ಅಂದ್ರೆ ಒಬ್ನ ಕೈಲಿ ಗೊಂಬೆ ಮುಟ್ಟಕ್ಕಾಗಲ್ಲ, ಇನ್ನೊಬ್ನ ಕೈಲಿ ಬಟ್ಟಲು ಮುಟ್ಟಕ್ಕಾಗಲ್ಲ ಅಂತ ಅಮ್ಮನೇ ಲೆಕ್ಕ ಹಾಕಿ ನಕ್ಕರು. ಇವ್ನು ಮುಷ್ಟಿ ಹಿಡಿದು ಅರಿಶಿನಕ್ಕೆ ಗುರಿ ಇಡ್ತಿದ್ದ, ಅಮ್ಮ ಅದೇ ಅರಿಶಿನದ ಕೈಲಿ ಅವ್ನ ಕೈ ಹಿಡ್ಕೊಂಡು ಪಕ್ಕಕ್ಕೆ ಕೂರಿಸಿದ್ರು, ಉಂಗುರದ ಹಸಿರು ಕಲ್ಲಿನ ಅಂಚಿಗೆಲ್ಲ ಹಳದಿ ಕೂತ್ಕೊಂಡ್ತು. ಇವ್ನ ಮುಖ ನೋಡ್ಬೇಕಿತ್ತು ನೀವು. ಹಂಗಾದ್ರೆ ನವೆಂಬರ್ ಒಂದಕ್ಕೆ ಬಂದ್ರೆ ನಮ್ ಬಾವುಟದಲ್ಲಿ ಕೆಂಪು ಅರ್ಧ ಮಾತ್ರ ಅವ್ನ ಕೈಗೆ ಸಿಗುತ್ತೆ ಅಂತ ನಾನೂ ರೇಗಿಸಿದೆ.

ಹಳದಿ ಯಾಕೆ ಅನ್ನೋದಕ್ಕೆ ಮೊದಲು ಕೊಟ್ಟ ಕಾರಣ ಸಪ್ಪೆ, ಓಆದಲ್ಲಿ ಎಲ್ಲಾ ಉಂಗುರಕ್ಕೂ ಶಕ್ತಿ ಕೊಡೋ ದೊಡ್ಡ ಬ್ಯಾಟರಿಯಲ್ಲೇ ಒಂದು ಕಲ್ಮಶ ಇದೆ ಅಂತ. 2004ರ ನಂತರ ಅದನ್ನ ಚೆನ್ನಾಗಿ ತಿರುಗಿಸಿದ್ರು, ಆ ಬ್ಯಾಟರಿ ಒಳಗೆ ಪ್ಯಾರಲಾಕ್ಸ್ ಅನ್ನೋ ಹಳದಿ ಜೀವಿ ಸೆರೆ ಇದೆ, ಅದು ಭಯದ್ದೇ ರೂಪ. ಹಳದಿ ಅಂದ್ರೆ ಭಯ. ನನಗೆ ಭಯ ಆಗ್ತಿದೆ ಅಂತ ಒಪ್ಕೊಂಡು ಅದನ್ನ ದಾಟಿದವ್ನಿಗೆ ಹಳದಿ ಮೇಲೂ ಉಂಗುರ ನಡೆಯುತ್ತೆ. ಎಷ್ಟೋ ವರ್ಷ ಬರೀ ಬಣ್ಣದ ರೂಲ್ ಆಗಿದ್ದಕ್ಕೆ ಆಗ ಅರ್ಥ ಬಂತು ಅನ್ಸುತ್ತೆ ನನಗೆ.

ಅನುವಾದದ ವಿಷ್ಯಕ್ಕೆ ನನ್ ಫೇವರಿಟ್ 1987ರ ಒಂದು ಪುಟ್ಟ ಕಥೆ. ಬೆಳಕೇ ಇಲ್ಲದ ಕಡೆ ಹುಟ್ಟಿದ ಒಂದು ಜೀವಿಗೆ ಕಾವಲಿನವ್ರಲ್ಲೇ ಒಬ್ಳು, ಕಟ್ಮಾ ತುಯಿ ಅನ್ನೋಳು ಉಂಗುರ ಕೊಡಕ್ಕೆ ಹೋಗ್ತಾಳೆ, ಅದಕ್ಕೆ ಕಣ್ಣಿಲ್ಲ, ಹಸಿರೂ ಗೊತ್ತಿಲ್ಲ ಲಾಟೀನೂ ಗೊತ್ತಿಲ್ಲ. ಕೊನೆಗೆ ಅವ್ಳು ಲಾಟೀನಿನ ಜಾಗದಲ್ಲಿ ಗಂಟೆ, ಬಣ್ಣದ ಜಾಗದಲ್ಲಿ ಒಂದು ಸ್ವರ ಇಟ್ಟು ಹೇಳ್ತಾಳೆ, ಉಂಗುರ ಕೆಲಸ ಮಾಡುತ್ತೆ. ಹಂಗೇ ನೋಡಿದ್ರೆ ಕನ್ನಡಕ್ಕೆ ಛಲದುಂಗುರ ಅಂದ್ರೆ ಸಾಕಿತ್ತು, ಅಮ್ಮನಿಗೆ ಒಂದೇ ಸಲಕ್ಕೆ ಗೊತ್ತಾಗಿರೋದು.

ಆ ಉಂಗುರ ಈಗ ಗೊಂಬೆ ಪೆಟ್ಟಿಗೇಲಿ ಹತ್ತಿ ಸುತ್ಕೊಂಡು ಮಲಗಿದೆ, ಅರಿಶಿನ ಇನ್ನೂ ಹೋಗಿಲ್ಲ. ಮುಂದಿನ ದಸರಾಗೆ ತೆಗೀತೀನಿ ಅಂತಾರೆ ಅಮ್ಮ, ಅಷ್ಟೊತ್ತಿಗೆ ಚಾರ್ಜ್ ಇರಲ್ಲ ಅಜ್ಜಿ ಅಂತ ಇವ್ನ ಗೋಳು.